ಮ್ಯಾಡ್ರಿಡ್‌ಗೆ ಹೋಗಿಬಂದ ನನ್ನ ಸ್ಕಾರ್ಫು

ಲೇ ಫ್ರೆಂಡ್ಸ್, ನಮ್ಮ ಮಾವ, ಅತ್ತೆ ಟೂರ್ ಮುಗಿಸ್ಕಂಡು ಇವತ್ತು ಚಳ್ಳಕೆರೆಗೆ ಬಂದ್ರು. ಒಂದೇ ದಿನದಾಗೆ ಇಡೀ ಮ್ಯಾಡ್ರಿಡ್ ನೋಡಿದ್ರಂತೆ! ಹೋಗುವಾಗ ಅಲ್ಲಿನ ನನ್ನ ಫೇವರಿಟ್ ಫುಟ್‌ಬಾಲ್ ಟೀಮಿನ ಸ್ಕಾರ್ಫ್ ಮಾವನ ಕೈಗೆ ಕೊಟ್ಟು, "ಸ್ಟೇಡಿಯಂ ಮುಂದೆ ಇದನ್ನ ಹಿಡ್ಕಂಡು ಒಂದೇ ಒಂದು ಫೋಟೊ ತೆಗಿಸ್ಕಳ್ರಿ" ಅಂತ ಕೈ ಮುಗಿದಿದ್ದೆ.

"ಫೋಟೊ ಎಲ್ರಿ ಮಾವ?"

"ಸ್ಟೇಡಿಯಂ ಬಸ್ಸಿನಾಗಿಂದಲೇ ಕಾಣ್ತಪ್ಪ. ನಮ್ಮೂರ ಎಣ್ಣೆ ಮಿಲ್ಲಿನ ಗೋಡೆ ಇದ್ದಂಗೈತೆ. ಅದಕ್ಯಾಕೆ ಇಳೀಬೇಕು?"

"ಅರಮನೆನಾದ್ರೂ ನೋಡಿದ್ರಾ?"

"ಅದರ ಎದುರಿಗೇ ಊಟಕ್ಕೆ ಕುಂತಿದ್ವಲ್ಲೋ! ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ."

ಅತ್ತೆ ಸ್ಕಾರ್ಫ್ ವಾಪಸ್ ಕೊಟ್ರು. ಟೀಮಿನ ಲೋಗೊ ಮೇಲೆ ಅಂಗೈ ಅಗಲ ಎಣ್ಣೆ ಕಲೆ.

"ಬೆಂಚೆಲ್ಲಾ ಧೂಳು ಕಣಪ್ಪ, ಹಾಸ್ಕಂಡಿದ್ವಿ. ಒಳ್ಳೇ ದಪ್ಪ ಬಟ್ಟೆ."

ಈಗ ಮಾವನ ಸ್ಟೇಟಸ್ ನೋಡ್ರಿ: "ಮ್ಯಾಡ್ರಿಡ್ ಬಗ್ಗೆ ಏನ್ ಬೇಕಾದ್ರೂ ನನ್ನ ಕೇಳಿ."

ಕೇಳ್ರಪ್ಪ, ಕೇಳ್ರಿ. ಬೆಂಚಿನ ಧೂಳಿನ ವಿಷ್ಯ ಚೆನ್ನಾಗಿ ಹೇಳ್ತಾರೆ.