ಪಕ್ಕದ ಮನೆಯ ಸ್ಪೂಲುಗಳು

ಹೋದ ವಾರ ಗೇಟಿನ ವಾಚ್‌ಮನ್ ಒಂದು ಲಕೋಟೆ ತಂದುಕೊಟ್ಟ. ಒಳಗೆ ಒಂದು ಹೊಸ ಸಿಡಿ, ಅದರ ರಟ್ಟಿಗೆ ನೆನಪಿಗೆಂದು ಅಂಟಿಸಿದ್ದ ಗೇಣುದ್ದದ ಹಳೆಯ ರೆಕಾರ್ಡಿಂಗ್ ಟೇಪು. ಮೂಗಿನ ಹತ್ತಿರ ಹಿಡಿದೆ. ಮಕ್ಕಳ ಮೇಣದ ಬಳಪದಂಥ ವಾಸನೆ. ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಯ ಬೀರುವಿನಲ್ಲಿ ಏಳು ತಿಂಗಳು ತುಂಬಿಕೊಂಡಿದ್ದ ವಾಸನೆ ಅದು. ಪಕ್ಕದ ಮನೆಯ ಮ್ಜೇ ನೆನಪಾದರು.

ಮ್ಜೇ ಎನ್ನುವುದು ಹೆಸರಲ್ಲ, ಇಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ. ಅವರು ನನ್ನನ್ನು ‘ಜಿರಾನಿ’ ಎನ್ನುತ್ತಿದ್ದರು, ನೆರೆಯವನೇ ಎಂದು. ಹರೆಯದಲ್ಲಿ ಅವರು ಒಂದು ಕಂಟ್ರಿ ರಾಕ್ ಬ್ಯಾಂಡಿನ ಸೌಂಡ್ ನೋಡಿಕೊಳ್ಳುತ್ತಿದ್ದರಂತೆ. ಭಾನುವಾರ ಮಧ್ಯಾಹ್ನ ನ್ಗಾರಾದ ಒಂದು ಹಾಲ್‌ನಲ್ಲಿ ಕಾರ್ಯಕ್ರಮ. ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೂ ನೈರೋಬಿಗೂ ಎಲ್ಲಿಯ ನಂಟು ಎಂದು ಮೈಸೂರಿನಿಂದ ಬಂದ ಹೊಸತರಲ್ಲಿ ನಾನು ನಕ್ಕಿದ್ದೆ. ಆಮೇಲೆ ನೋಡಿದರೆ ಬಾಡಿಗೆ ವ್ಯಾನು ಮಟಾಟುವಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಲ್ಲೂ ಅದೇ ಗಿಟಾರು. ನನ್ನ ನಗು ತಾನಾಗಿಯೇ ನಿಂತಿತು.

ಬ್ಯಾಂಡು ಎಂದೋ ಒಡೆದುಹೋಗಿತ್ತು. ಮ್ಜೇ ಬಳಿ ಉಳಿದದ್ದು ಆ ಭಾನುವಾರಗಳ ಹಾಡು ಹಿಡಿದಿಟ್ಟ ಒಂಬತ್ತು ಸ್ಪೂಲು ಟೇಪು, ದೊಡ್ಡ ದೊಡ್ಡ ಸುರುಳಿಗಳು. ಒಂದು ಭಾನುವಾರ ಹಾಡುವವನು ಬಾರದೆ, ಮ್ಜೇ ಹೆಂಡತಿಯನ್ನೇ ವೇದಿಕೆಗೆ ಹತ್ತಿಸಿದ್ದರಂತೆ. ಆಕೆ ಹಾಡಿದ್ದು ಒಂದೇ ಹಾಡು. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಆಕೆಯ ದನಿ ಇನ್ನೆಲ್ಲೂ ಇರಲಿಲ್ಲ, ಆ ಒಂಬತ್ತರಲ್ಲಿ ಒಂದು ಸ್ಪೂಲಿನಲ್ಲಿ ಬಿಟ್ಟರೆ.

ಆದರೆ ಹಳೆಯ ಟೇಪು ತೇವ ಹೀರಿ ಅಂಟಂಟಾಗುತ್ತದೆ. ಹಾಗೇ ಮೆಷೀನಿಗೆ ಹಾಕಿದರೆ ಮೇಲಿನ ಲೇಪ ಕಿತ್ತು ಬಂದು, ಹಾಡು ಪುಡಿಯಾಗಿ ಉದುರಿಹೋಗುತ್ತದೆ. ಅದಕ್ಕೆ ಮದ್ದೆಂದರೆ ಸುಮಾರು ಐವತ್ತು ಡಿಗ್ರಿಯ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸುವುದು. ಮ್ಜೇ ಅಡುಗೆಮನೆಯ ಓವನ್ನಿನಲ್ಲಿ ಒಂದು ಖಾಲಿ ಸ್ಪೂಲು ಇಟ್ಟು ನೋಡಿದ್ದರು. ಅದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಷ್ಟರಲ್ಲಿ ಅವರಿಗೆ ನಾನು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನೆಂದು ನೆನಪಾಯಿತು. ಒಂದು ಸಂಜೆ ರಟ್ಟಿನ ಪೆಟ್ಟಿಗೆ ಹೊತ್ತು ಬಾಗಿಲಿಗೆ ಬಂದರು.

“ಜಿರಾನಿ, ನಿಮ್ಮಲ್ಲಿ ಅರ್ಧ ಡಿಗ್ರಿಯೂ ಆಚೀಚೆ ಆಗದ ಓವನ್ ಇರುತ್ತದಲ್ಲವೇ?”

ಇರುತ್ತದೆ ಎಂದೆ. ನೋಡೋಣ ಎಂದೆ. ಪೆಟ್ಟಿಗೆ ಇಸಿದುಕೊಂಡು ಬೀರುವಿನಲ್ಲಿಟ್ಟೆ.

ಅಲ್ಲಿಗೆ ಶುರುವಾಯಿತು ನನ್ನ ತಲೆನೋವು. ನಮ್ಮ ಕೆಲಸದಲ್ಲಿ ಓವನ್ನಿನೊಳಗೆ ಏನು ಹೋಯಿತು, ಏನು ಬಂತು, ಎಲ್ಲದಕ್ಕೂ ರಿಜಿಸ್ಟರು, ಸಹಿ. ಮಾತ್ರೆ ಒಣಗಿಸುವಲ್ಲಿ ಯಾರದೋ ಹಾಡು ಒಣಗಿಸಿದೆ ಎಂದು ಬರೆಯಲಾದೀತೇ? ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು, ನನ್ನ ತಪ್ಪು ಇನ್ನೊಬ್ಬರು ಹುಡುಕಿದರೆ ಎಂಬ ದಿಗಿಲು. ಮ್ಯಾನೇಜರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲು ಸಂಕೋಚ. ಆಡಿಟ್ ಮುಗಿಯಲಿ ಅಂದುಕೊಂಡೆ, ಹೊಸ ಬ್ಯಾಚ್ ಹೋಗಲಿ ಅಂದುಕೊಂಡೆ... ಹಾಗೆ ಏಳು ತಿಂಗಳು.

ಮ್ಜೇ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಎದುರಾದಾಗ ನಾನೇ ಮುಖ ತಪ್ಪಿಸುತ್ತಿದ್ದೆ, ಅವರು ಕೈಯೆತ್ತಿ “ಹಕೂನಾ ಹರಾಕಾ” ಅನ್ನುತ್ತಿದ್ದರು. ಅವಸರವೇನಿಲ್ಲ. ನಾನು ಅದನ್ನೇ ನಿಜವೆಂದು ನಂಬಿಕೊಂಡೆ, ನಂಬುವುದು ನನಗೆ ಅನುಕೂಲವಾಗಿತ್ತು. ನನ್ನ ಹೆಂಡತಿ ಮಾತ್ರ ಬೀರು ತೆರೆದಾಗಲೆಲ್ಲ, “ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ ರೀ, ಪಾಪ ಕಾಯ್ತಿರ್ತಾರೆ” ಎಂದು ಗೊಣಗುತ್ತಿದ್ದಳು.

ಇಲ್ಲಿಯ ಜುಲೈ ಚಳಿಗೆ ಮ್ಜೇಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಮಣ್ಣಿಗೆ ಹೋಗಿಬಂದ ಮಾರನೆಯ ದಿನ ಮ್ಯಾನೇಜರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಮಂಗಳೂರು ಕಡೆಯವರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಇಷ್ಟೆಯಾ? ಹಿಂದಿನ ಶೆಡ್ಡಿನಲ್ಲಿ ಹಳೇ ಓವನ್ ಖಾಲಿ ಬಿದ್ದುಂಟಲ್ಲ ಮಾರಾಯ್ರೆ. ಹೋದ ವರ್ಷದಿಂದ ಉಂಟು. ಮೊದಲೇ ಕೇಳ್ಲಿಕ್ಕೆ ಏನಾಗಿತ್ತು?”

ಮೂರು ದಿನದಲ್ಲಿ ಒಂಬತ್ತೂ ಸ್ಪೂಲು ಒಣಗಿದವು. ಮೂರೇ ದಿನ... ಪೆಟ್ಟಿಗೆಯನ್ನು ಮ್ಜೇ ಮಗಳ ಕೈಗಿತ್ತೆ. ಆಕೆ ನೈರೋಬಿಯದೇ ಹರ್ಲಿಂಗ್‌ಹ್ಯಾಮ್‌ನ ಒಂದು ಸ್ಟುಡಿಯೋದಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಬ್ಯಾಂಡಿನಲ್ಲಿ ಬದುಕುಳಿದವರನ್ನು ಹುಡುಕಿ ಒಪ್ಪಿಗೆ ಪಡೆದು, ಈ ಆಲ್ಬಮ್ ಮಾಡಿದ್ದಾಳೆ. ಸಿಡಿಯ ಜೊತೆಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ಒಂದು ಸಾಲು: ಈ ಟೇಪುಗಳನ್ನು ಉಳಿಸಿಕೊಟ್ಟ ಅಪ್ಪನ ಜಿರಾನಿಗೆ ಕೃತಜ್ಞತೆಗಳು. ನನ್ನ ಮಗಳು ಅದನ್ನು ಫೋಟೋ ತೆಗೆದು ಮೈಸೂರಿಗೆ ಕಳಿಸಿಯೂ ಆಗಿತ್ತು.

ಮ್ಜೇ ಹೆಂಡತಿಯ ಹಾಡು ನಾಲ್ಕನೆಯದು. ಮೊದಲ ಸಾಲಿನಲ್ಲಿ ದನಿ ನಡುಗುತ್ತದೆ, ಜನ ಗಲಾಟೆ ಮಾಡುತ್ತಾರೆ. ಎರಡನೆಯ ಸಾಲಿಗೆ ದನಿ ನೆಲೆ ಕಂಡುಕೊಳ್ಳುತ್ತದೆ, ಹಾಲ್ ಸುಮ್ಮನಾಗುತ್ತದೆ. ಕೇಳುತ್ತ ಕೂತ ನನಗೆ ನಾಚಿಕೆಯಾಯಿತು. ಅಳುವೂ ಬಂತು. ಇದನ್ನು ಕೇಳಬೇಕಾದ ಕಿವಿ ನನ್ನದಲ್ಲ.

ನಿನ್ನೆ ಮ್ಜೇ ಮಗಳಿಗೆ ಫೋನ್ ಮಾಡಿದೆ. ಆ ಕೃತಜ್ಞತೆಗೆ ನಾನು ತಕ್ಕವನಲ್ಲ, ಓವನ್ ಮೊದಲಿಂದಲೂ ಖಾಲಿಯೇ ಇತ್ತು, ನಾನು ಕೇಳಲಿಲ್ಲ, ಅಷ್ಟೇ ಎಂದೆ.

“ಭಾನುವಾರ ಬಂತೆಂದರೆ ಅಪ್ಪ ಮೆಷೀನು ಒರೆಸಿ, ಅದರ ಮುಂದೆ ಎರಡು ಕುರ್ಚಿ ಹಾಕುತ್ತಿದ್ದರು,” ಎಂದಳು ಆಕೆ. “ಒಂದು ನಿಮಗೆ. ಇವತ್ತು ಜಿರಾನಿ ಟೇಪು ತಂದರೂ ತಂದಾರು ಎಂದು.”

ಅಷ್ಟೂ ಭಾನುವಾರ ನಾನು ಗೋಡೆಯ ಈಚೆಯೇ ಇದ್ದೆ.