ಮೂರು ಪರದೆಗಳ ಮೇಲೊಂದು ಕಾಫಿ ಹೂ

ಸಕಲೇಶಪುರದ ಮಹಿಳಾ ಹೊಲಿಗೆ ತರಬೇತಿ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಬೋಧಿಸಿ ೨೦೧೦ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ರಾಜಲಕ್ಷ್ಮಮ್ಮನವರನ್ನು ಹೊಲಿಗೆಯ ಗುರುಗಳೆಂದು ಈ ಸೀಮೆಯೆಲ್ಲ ಬಲ್ಲದು. ಪೆನ್ಸಿಲ್ಲನ್ನೇ ಹಿಡಿಯದ ಕೈಗಳಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿಸಿದವರೂ ಅವರೇ ಎಂದು ದಾಖಲಿಸುವ ಭಾಗ್ಯ ಅವರ ಶಿಷ್ಯೆಯಾದ ನನ್ನದು.

೨೦೦೩ರಲ್ಲಿ ಕೇಂದ್ರಕ್ಕೆ ಮೂರು ಕಂಪ್ಯೂಟರುಗಳು ಬಂದಾಗ ಮೇಡಂ ಅವರಿಗೆ ಐವತ್ಮೂರು ವರ್ಷ. ತಾವು ಮೊದಲು ಕಲಿತು, ಆಮೇಲೆ ನಮ್ಮನ್ನು ಕೂರಿಸಿದರು. ಮೂರನ್ನೂ ತಂತಿಯಿಂದ ಜೋಡಿಸಿದ್ದರಿಂದ ಒಂದೇ ಚಿತ್ರವನ್ನು ಮೂವರು ಕೂಡಿ ಬರೆಯಬಹುದಿತ್ತು. ಒಬ್ಬರು ಎಳೆದ ಗೆರೆ ಉಳಿದಿಬ್ಬರ ಪರದೆಯಲ್ಲೂ ಮೂಡುತ್ತಿತ್ತು.

ಮರುವರ್ಷ ಮಹಿಳಾ ಸಂಘವೊಂದು ಕಾಫಿಪುಡಿಯ ಬಟ್ಟೆಚೀಲಕ್ಕೆ ವಿನ್ಯಾಸ ಕೇಳಿತು. ಒಪ್ಪಿಗೆಯಾದರೆ ವರ್ಷವಿಡೀ ಹೊಲಿಗೆ ನಮ್ಮದೇ. ನನ್ನ ಜೊತೆ ಕಲಿಯುತ್ತಿದ್ದ ಹೊಂಗಡಹಳ್ಳದ ಮುನಿಯಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ದವರು. ನಾನು ಬರೆದ ಹೂವನ್ನು ನೋಡಿ, "ಹಿಂಗೆ ಒಂಟಿ ಹೂ ಬಿಡಲ್ಲ ಕಣಮ್ಮ, ಗಿಣ್ಣಿಗೊಂದು ಗೊಂಚ್ಲು" ಎಂದು ತಾವೇ ತಿದ್ದಿದರು. ಹೂ ಅವರದಾಯಿತು, ಬಣ್ಣ ಮೂರನೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಕಲ್ಯಾಣಮ್ಮನವರದು, ಅಂಚು ನನ್ನದು.

ಸಂಘದವರು ಬರುವ ಹಿಂದಿನ ದಿನ ಅವರಿಬ್ಬರೂ ಊಟಕ್ಕೆ ಹೋಗಿದ್ದಾಗ, ಅಂಚಿನ ಒಂದು ಬಳ್ಳಿಯನ್ನು ಅಳಿಸಲು ಹೋಗಿ ಇಡೀ ಚಿತ್ರವನ್ನೇ ಅಳಿಸಿಬಿಟ್ಟೆ. ಮೂರು ಪರದೆಗಳೂ ಬೆಳ್ಳಗಾದವು. ಗಾಬರಿಯಲ್ಲಿ ಆ ಖಾಲಿ ಹಾಳೆಯನ್ನೇ ಹಳೆಯ ಚಿತ್ರದ ಜಾಗದಲ್ಲಿ ಸೇವ್ ಮಾಡಿಯೂ ಬಿಟ್ಟೆ. ಮೂರು ವಾರದ ಶ್ರಮ ಹೋಯಿತೆಂದು ಯಾರಿಗೂ ಹೇಳದೆ ನಮ್ಮೂರು ಪಾಳ್ಯದ ಬಸ್ಸು ಹತ್ತಿದೆ. ಇನ್ನು ಕೇಂದ್ರಕ್ಕೆ ಹೋಗುವುದಿಲ್ಲವೆಂದು ಅವ್ವನಿಗೂ ಹೇಳಿದೆ.

ಮರುದಿನ ಮೊದಲ ಬಸ್ಸಿಗೇ ಮೇಡಂ ನಮ್ಮ ಮನೆಗೆ ಬಂದರು. ಅವ್ವ ಕೊಟ್ಟ ನೀರನ್ನು ಕುಡಿಯುವ ಮುನ್ನವೇ ಹೇಳಿದರು: "ಚಿತ್ರ ಎಲ್ಲೂ ಹೋಗಿಲ್ಲ ಕಣೇ ಚೈತ್ರಶ್ರೀ. ಮೊನ್ನೆ ಸಂಜೆವರ್ಗಿಂದ್ರ ನಕಲು ನನ್ ಫ್ಲಾಪಿಲಿ ಐತೆ. ಹೋಗಿರೋದು ಅರ್ಧ ದಿನದ ಕೆಲ್ಸ."

ಅಳು ತಡೆಯಲಾಗಲಿಲ್ಲ.

"ಮುನಿಯಮ್ಮಕ್ಕ ಬೈತಾರೆ ಮೇಡಂ."

"ಬೈತಾಳೆ. ಆಮೇಲೆ ಬರೀತಾಳೆ. ನಾನೂ ಎರಡ್ ಸಲ ಎಲ್ಲಾ ಅಳಿಸ್ಕಂಡು ಕೂತಿದ್ದೋಳೇ. ಅದ್ಕೇ ಫ್ಲಾಪಿ ಇಟ್ಕಂಡಿರೋದು. ಏಳು, ಬಸ್ ಬರ್ತೈತೆ."

ಮುನಿಯಮ್ಮ ಬೈದರು, ಬರೆದರು. ಮಧ್ಯಾಹ್ನ ಮೂರಕ್ಕೆ ಚಿತ್ರ ಮುಗಿಯಿತು. ಸಂಜೆ ಸಂಘದವರು ಒಪ್ಪಿದರು. "ಇವತ್ತಿನ ಹೂವೇ ನೆಟ್ಟಗಾಗೈತೆ, ಬುಡು" ಎಂದು ಮುನಿಯಮ್ಮ ನನ್ನ ಬೆನ್ನು ತಟ್ಟಿದರು.

ಆ ವರ್ಷದಿಂದ ಮೇಡಂ ಹೊಸಬರಿಗೆಲ್ಲ ಮೊದಲ ದಿನವೇ ಒಂದು ಚಿತ್ರವನ್ನು ಪೂರ್ತಿ ಅಳಿಸಲು ಹೇಳಿ, ಅದನ್ನು ಮರಳಿ ತರುವುದನ್ನು ಕಲಿಸಿದರು. ಭಯ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅದೇ ಕೇಂದ್ರದಲ್ಲಿ ಕಲಿಸುವ ನಾನೂ ಹಾಗೆಯೇ ಆರಂಭಿಸುತ್ತೇನೆ. ಪೂಜ್ಯ ಮೇಡಂ ಆರೋಗ್ಯದಿಂದ ನೂರ್ಕಾಲ ಬಾಳಲಿ. ಜೂನ್ ತಿಂಗಳ ಹೊಸ ತಂಡಕ್ಕೆ ಮೊದಲ ಪಾಠ ಮಾಡಲು ಅವರು ಒಪ್ಪಿದ್ದಾರೆ. ನಮಗೆ ಅಷ್ಟೇ ಸಮಾಧಾನ.