ಗೇಟಿನ ದೀಪದ ನೆತ್ತಿಯಲ್ಲಿ ಬೂದುಗುಂಬಳ

ಜಗುಲಿ, ಗೇಟು, ಕೊಟ್ಟಿಗೆ ಮೂರರ ದೀಪಕ್ಕೂ ಇರುವ ಒಂದೇ ಸ್ವಿಚ್ಚು ಒತ್ತಿದರೆ ಸಾಕು, ಟಪ್ಪೆಂದು ಮನೆಯಿಡೀ ಕತ್ತಲಾಗುತ್ತಿತ್ತು. ಬೇರೆ ಕಾಲವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ನಮ್ಮ ಹಸು ತುಂಬಿದ ಗಬ್ಬ, ಇವತ್ತೋ ನಾಳೆಯೋ ಎನ್ನುವಂತಿತ್ತು. ಕಿರಂಗೂರಿನ ನಮ್ಮ ಮನೆಯ ಪಕ್ಕದಲ್ಲೇ ಕಬ್ಬಿನ ಗದ್ದೆ. ಅದರೊಳಗೆ ಚಿರತೆ ಸೇರಿಕೊಂಡು ನೆರೆಮನೆಯ ನಾಯಿಯನ್ನು ಹೊತ್ತೊಯ್ದಿತ್ತು. ಗೇಟಿನ ಬದಿಯ ಕೊಟ್ಟಿಗೆಗೆ ಬಾಗಿಲಿಲ್ಲ. ಬೆಳಕೂ ಇಲ್ಲದಿದ್ದರೆ ಹುಟ್ಟುವ ಕರು ನಮಗೆ ದಕ್ಕುವುದಿಲ್ಲವೆಂದು ನನಗೆ ಹೆದರಿಕೆ.

ಎಲೆಕ್ಟ್ರಿಷಿಯನ್ನು ಬಂದು ಜಗುಲಿಯ ಬಲ್ಬು ಬದಲಿಸಿದ, ಸರಿಹೋಗಲಿಲ್ಲ. ನೆಲದೊಳಗಿನ ವೈರಿಗೆ ನೀರಿಳಿದಿದೆ, ಅಂಗಳ ಅಗೆಯಬೇಕು, ಮುಂದಿನ ವಾರ ನೋಡೋಣ ಎಂದು ಹೋದ. ನಮ್ಮ ಯಜಮಾನರಿಗೆ ಅಷ್ಟೇ ಸಾಕಾಯಿತು. ಹೊರಗಿನ ಲೈನನ್ನೇ ಕಿತ್ತೆಸೆಯುತ್ತೇನೆಂದು ಕಟಿಂಗ್ ಪ್ಲೇಯರ್ ಹಿಡಿದು ನಿಂತರು. ನನಗೆ ಮೈಯೆಲ್ಲ ಉರಿಯಿತು. ತಿಂಗಳಿಂದ ಒಂದು ಹನಿ ಮಳೆಯಿಲ್ಲ, ನೀರೇನು ಪಾತಾಳದಿಂದ ಬಂತೇ ಎಂದು ಕೇಳಿ, ಪ್ಲೇಯರನ್ನು ಅವರ ಕೈಯಿಂದ ಕಿತ್ತುಕೊಂಡೆ.

ಮೇನ್ ಸ್ವಿಚ್ಚು ಆರಿಸಿದೆ. ಜಗುಲಿಯಿಂದ ಗೇಟಿಗೆ ಹೋಗುವ ವೈರು ಬಿಡಿಸಿ, ತುದಿಗೆ ಟೇಪು ಸುತ್ತಿ, ಮೇನು ಹಾಕಿದೆ. ಜಗುಲಿಯ ದೀಪ ನೆಟ್ಟಗೆ ಉರಿಯಿತು. ಹಾಗಾದರೆ ಕಳ್ಳ ಅದರಾಚೆಗಿದ್ದಾನೆ. ಮತ್ತೆ ಮೇನು ಆರಿಸಿ, ಗೇಟಿನ ವೈರು ಮೊದಲಿನಂತೆ ಸೇರಿಸಿ, ಗೇಟಿನ ದೀಪದಿಂದ ಕೊಟ್ಟಿಗೆಗೆ ಹೋಗುವ ವೈರನ್ನು ಬಿಡಿಸಿದೆ. ಮೇನು ಹಾಕಿದರೆ ಟಪ್. ತೊಂದರೆ ನೆಲದೊಳಗಿನ ವೈರಿನಲ್ಲಿ, ಇಲ್ಲವೇ ಗೇಟಿನ ದೀಪದಲ್ಲೇ ಇತ್ತು!

ಮೇನು ಆರಿಸಿಯೇ ದೀಪದ ಮುಚ್ಚಳ ತೆಗೆದೆ. ಒಳಗೆಲ್ಲ ಗಬ್ಬು ನಾರುವ ನೀರು. ತಲೆಯೆತ್ತಿ ನೋಡಿದೆ. ದೃಷ್ಟಿಯಾಗದಿರಲೆಂದು ಅತ್ತೆ ಅಮಾವಾಸ್ಯೆಗೆ ಕಟ್ಟಿದ್ದ ಬೂದುಗುಂಬಳ, ಎಲ್ಲರ ಕಣ್ಣಿಗೂ ಬೀಳಲೆಂದು ಸರಿಯಾಗಿ ದೀಪದ ನೆತ್ತಿಗೇ ತೂಗುತ್ತಿತ್ತು. ಮೇಲೆ ನೋಡಲು ಗಟ್ಟಿ, ತಳ ಕೊಳೆತು ತೊಟ್ಟಿಕ್ಕುತ್ತಿತ್ತು. ಮುಂದಿನ ಅಮಾವಾಸ್ಯೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

ನಾನು ಕುಡುಗೋಲು ತಂದದ್ದು ಕಂಡು ಅತ್ತೆ ಓಡಿಬಂದರು. "ಅಮಾಸೆಗೆ ಮುಂಚೆ ಬಿಚ್ಬ್ಯಾಡ ಕಣವ್ವ, ಹಸ ಈಯೋ ಟೇಮು."

"ಬೂದುಗುಂಬ್ಳ ಇನ್ನೊಂದು ಕಟ್ಟಾನ ಕಣತ್ತೆ. ಚಿರ್ತೆ ಬಂದ್ರೆ ಕರ ಎಲ್ಲಿಂದ ತರಾನ?"

ಅವರು ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ಕುಡುಗೋಲು ಇಸಕೊಂಡು, ಏನೋ ಗೊಣಗುತ್ತ ತಾವೇ ಹಗ್ಗ ಕೊಯ್ದರು.

ನೀರು ಒರೆಸಿ, ಒಣಗಿಸಿ, ತುಕ್ಕು ಹಿಡಿದಿದ್ದ ಹೋಲ್ಡರು ಬದಲಿಸಿ, ವೈರು ಸೇರಿಸಿದೆ. ಸಂಜೆ ಸ್ವಿಚ್ಚು ಒತ್ತಿದಾಗ ಜಗುಲಿ, ಗೇಟು, ಕೊಟ್ಟಿಗೆ ಒಟ್ಟಿಗೇ ಬೆಳಗಿದವು. ನಂಬಿಕೆಯಾಗದೆ ಯಜಮಾನರು ಆರಿಸಿ ಆರಿಸಿ ಹಾಕಿದರು. ನಾನು ಸೊಂಟಕ್ಕೆ ಕೈಯಿಟ್ಟು ರಾಣಿಯ ಹಾಗೆ ನಿಂತಿದ್ದೆ, ಸುಳ್ಳೇಕೆ ಹೇಳಲಿ.

ಬೆಳಗಿನ ಜಾವ ಹಸು ಈಯಿತು. ಹೆಣ್ಣುಗರು. ಅದು ನಡುಗುತ್ತ ಎದ್ದು ನಿಂತು ಕೆಚ್ಚಲು ಹುಡುಕುವುದನ್ನು ಆ ಬೆಳಕಿನಲ್ಲಿ ಮೂವರೂ ನೋಡಿದೆವು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ದನವೆಲ್ಲ ಅತ್ತೆಯವು. ನಾನು ಸಗಣಿ ಬಾಚುವವಳು, ಹಾಲು ಕರೆಯುವವಳು ಅಷ್ಟೇ. ಅತ್ತೆ ಕರುವಿನ ಮೈ ಒರೆಸಿ, ನನ್ನ ಕಡೆ ತಳ್ಳಿದರು.

"ಇಡ್ಕೊ, ಇದು ನಿಂದು ಕಣವ್ವ."